ಸಂವಿಧಾನ ತಿದ್ದಿದರೆ ಚುನಾವಣೆ ಮೇಲಿನ ದುಡ್ಡಿನ ಹಿಡಿತ ತಪ್ಪುತ್ತದೆಯೇ?

ಅಮೆರಿಕದಲ್ಲಿ ಹೋರಾಡುತ್ತಿರುವ ಹಾಗೆ ನಮ್ಮಲ್ಲೂ ಕಂಪನಿ ದುಡ್ಡು, ಗಣಿ ದುಡ್ಡು ಚುನಾವಣೆಗೆ ಬಾರದಂತೆ ಸಂವಿಧಾನಕ್ಕೇ ತಿದ್ದುಪಡಿ ತರಿಸಬೇಕು, ಅದಕ್ಕೆ ಸಹಿ ಸಂಗ್ರಹ ಮಾಡಿ ಮುಂದಿನ ಸಲ ಪಕ್ಷೇತರರಾಗಿ ನಿಲ್ಲಬೇಕು ಅಂತ ಬರೆದಿದ್ದೀರಿ. ಓದಿದರೆ ನಮ್ಮ ಕಾಕಾನೇ ಮಾತಾಡಿದಂಗಾಯ್ತು. ಅವರು ಈ ಮಾತು ಆಡಿದ್ದು 2017ರಲ್ಲಿ, ಗದಗಿನೊಳಗ ಕಪ್ಪತಗುಡ್ಡದ ಸಲುವಾಗಿ ಅಹೋರಾತ್ರಿ ಧರಣಿ ನಡೆದಾಗ.

ನಮ್ಮೂರು ಗುಡ್ಡದ ಸೆರಗಿನಲ್ಲಿದೆ. ಹೆಸರು, ಶೇಂಗಾ, ಮಳೆ ಚಲೋ ಆದರೆ ಹಿಂಗಾರಿ ಜೋಳ. ಸರ್ಕಾರ 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿ, 2016ರಲ್ಲಿ ಆ ಆದೇಶ ವಾಪಸ್ ತಗೊಂಡಿತು. ಗುಡ್ಡದಲ್ಲಿ ಬಂಗಾರದ ನಿಕ್ಷೇಪ ಇದೆ, ಗಣಿಗಾರರ ಕಣ್ಣು ಅದರ ಮೇಲಿದೆ ಅನ್ನೋದು ಸುತ್ತಲಿನ ಊರಿಗೆಲ್ಲ ಗೊತ್ತಿದ್ದ ಮಾತು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಜನ ರಸ್ತೆಗಿಳಿದರು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಿಂದ ಪೋಸ್ಕೊ ಉಕ್ಕಿನ ಕಾರ್ಖಾನೆಯನ್ನು ವಾಪಸ್ ಕಳಿಸಿದ್ದೂ ಇದೇ ಜನ, ಇದೇ ಸ್ವಾಮೀಜಿ. 2017ರಲ್ಲೇ ಆದೇಶ ಮರಳಿ ಬಂತು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮ ಆಯ್ತು.

2017ರಲ್ಲಿ ಆದೇಶ ಮರಳಿ ಬಂದಾಗಲೂ ಕಾಕಾಗೆ ಸಮಾಧಾನ ಇರಲಿಲ್ಲ. "ಗುಡ್ಡ ಉಳೀತು ಖರೆ ತಮ್ಮಾ. ಆದ್ರ ಹ್ವಾದ ವರ್ಷ ಆದೇಶ ಹಿಂದ ತಗೊಂಡರಲ್ಲ, ಅವರು ಯಾರ ಮಾತು ಕೇಳಿದ್ರು? ಅದನ್ನ ಕೇಳಾಕರ ಒಬ್ಬ ನಿಂದರಬೇಕು" ಅಂದರು. 2018ರ ವಿಧಾನಸಭೆಗೆ ಪಕ್ಷೇತರರಾಗಿ ನಿಂತರು. ನಾನು ಎಪಿಎಂಸಿಯಲ್ಲಿ ಒಂದು ಅಡತಿ ಅಂಗಡಿ ಲೆಕ್ಕ ಬರೆಯುವವನು. ಹಂಗಾಗಿ ಚುನಾವಣಾ ಏಜೆಂಟ್ ನಾನೇ ಆದೆ.

ನಾಮಪತ್ರ ಹಾಕಿ 10,000 ರೂಪಾಯಿ ಠೇವಣಿ ಕಟ್ಟಿದ ಕೂಡಲೇ ಒಂದು ವೆಚ್ಚದ ರಿಜಿಸ್ಟರ್ ಕೊಡುತ್ತಾರೆ. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕಿನ ಲೆಕ್ಕ. ಚುನಾವಣೆಗೆ ಅಂತಲೇ ಬೇರೆ ಖಾತೆ ತೆಗೆಯಬೇಕು. ಚಹಾಕ್ಕೆ, ಕುರ್ಚಿಗೆ, ಶಾಮಿಯಾನಕ್ಕೆ, ಜೀಪಿನ ಬಾಡಿಗೆಗೆ ಜಿಲ್ಲಾಡಳಿತದ ದರಪಟ್ಟಿ ಇರುತ್ತದೆ, ಬರೆಯುವುದು ಆ ದರದಲ್ಲೇ. ಪ್ರಚಾರದ ಅವಧಿಯಲ್ಲಿ ಮೂರು ಸಲ ವೆಚ್ಚ ವೀಕ್ಷಕರ ಮುಂದೆ ರಿಜಿಸ್ಟರ್ ಇಡಬೇಕು. ನಾವು ಒಂದು ಜೀಪು, ಒಂದು ಮೈಕು, ಒಂದಿಷ್ಟು ಕರಪತ್ರದಲ್ಲಿ ಪ್ರಚಾರ ಮುಗಿಸಿದೆವು. ಕಾಕಾನ ಒಟ್ಟು ಖರ್ಚು ಲಕ್ಷ ಮುಟ್ಟಲಿಲ್ಲ. ಆಗ ವಿಧಾನಸಭೆಗೆ ಒಬ್ಬ ಅಭ್ಯರ್ಥಿಯ ಮಿತಿ 28 ಲಕ್ಷ, 2022ರಿಂದ ಅದು 40 ಲಕ್ಷ.

ಅದೇ ಹೊತ್ತಿಗೆ ನಮ್ಮ ಸಂತೆಪೇಟೆಯಲ್ಲಿ ಒಂದು ಪಕ್ಷದ ದೊಡ್ಡ ಸಭೆ ಆಯ್ತು. ಬ್ಯಾನರಿನಲ್ಲಿ ನಾಯಕರ ಮುಖ ಇದೆ, ಚಿಹ್ನೆ ಇದೆ, ನಮ್ಮ ಕ್ಷೇತ್ರದ ಅಭ್ಯರ್ಥಿಯ ಫೋಟೋ ಇಲ್ಲ, ಹೆಸರೂ ಇಲ್ಲ. ಅಭ್ಯರ್ಥಿ ವೇದಿಕೆ ಹತ್ತಲಿಲ್ಲ, ಜನರ ನಡುವೆ ಕೈ ಮುಗಿದು ಓಡಾಡಿದರು. ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ. ಅಭ್ಯರ್ಥಿಯ ಹೆಸರು, ಫೋಟೋ ಇದ್ದರೆ ಅಥವಾ ಅವರು ವೇದಿಕೆ ಹಂಚಿಕೊಂಡರೆ ಆ ಖರ್ಚು ಅವರ ಲೆಕ್ಕಕ್ಕೆ ಬೀಳುತ್ತದೆ. ಇಲ್ಲದಿದ್ದರೆ ಅದು ಪಕ್ಷದ ಸಾಮಾನ್ಯ ಪ್ರಚಾರ. ಪಕ್ಷದ ಖರ್ಚಿಗೆ ನಮ್ಮ ದೇಶದಲ್ಲಿ ಮಿತಿಯೇ ಇಲ್ಲ.

ಕಾಕಾ ಸೋತರು. ಚಲಾವಣೆಯಾದ ಮತದಲ್ಲಿ ಆರರಲ್ಲೊಂದು ಪಾಲು ಬಾರದೆ ಠೇವಣಿಯೂ ಹೋಯ್ತು. ಅದಕ್ಕೆ ನಾವು ತಯಾರಿದ್ದೆವು. ಹೊಡೆತ ಬಿದ್ದದ್ದು ಆಮೇಲೆ.

ಇದನ್ನು ನಿಮಗೆ ಬಿಡಿಸಿ ಹೇಳಲೇಬೇಕು, ನೀವೂ ನಿಲ್ಲುವವರು. ಪ್ರಜಾಪ್ರತಿನಿಧಿ ಕಾಯ್ದೆ 1951ರ ಸೆಕ್ಷನ್ 78 ಪ್ರಕಾರ ಫಲಿತಾಂಶದಿಂದ 30 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ನಾವು ಅವಧಿಯೊಳಗೇ ಒಪ್ಪಿಸಿದೆವು. ಕಥೆ ಕೇಳಿದವರೆಲ್ಲ "ತಡ ಮಾಡಿರಬೇಕು" ಅನ್ನುತ್ತಾರೆ. ತಡ ಆಗಿರಲಿಲ್ಲ. ಸೆಕ್ಷನ್ 10ಎ ಹೇಳುವುದು ಎರಡು: ಲೆಕ್ಕ ಹೇಳಿದ ಅವಧಿಯಲ್ಲೂ ಬರಬೇಕು, ಹೇಳಿದ ರೀತಿಯಲ್ಲೂ ಬರಬೇಕು. ವೋಚರುಗಳಿಗೆ ನಾನು ಸಹಿ ಮಾಡಿದ್ದೆ, ಅದು ನಡೆಯುತ್ತದೆ. ಲೆಕ್ಕದ ಜೊತೆ ಒಂದು ಅಫಿಡವಿಟ್ ಇರುತ್ತದೆ, "ಇದು ಪೂರ್ಣ ಲೆಕ್ಕ, ಏನನ್ನೂ ಮುಚ್ಚಿಟ್ಟಿಲ್ಲ" ಅಂತ. ಅದಕ್ಕೆ ಅಭ್ಯರ್ಥಿಯೇ ಪ್ರಮಾಣ ಮಾಡಿ ಸಹಿ ಹಾಕಬೇಕು, ಏಜೆಂಟ್ ಸಹಿ ನಡೆಯುವುದಿಲ್ಲ. ಆಗ ಮಿರಗದ ಮಳೆ ಬಿದ್ದಿತ್ತು, ಹೆಸರು ಬಿತ್ತುವ ಹೊತ್ತು, ಕಾಕಾ ಕೂರಿಗೆ ಬಿಟ್ಟು ಗದಗಿಗೆ ಬರುವ ಹಂಗಿರಲಿಲ್ಲ. ರಿಜಿಸ್ಟರಿನ ಅಕ್ಷರ ನನ್ನದು, ಏಜೆಂಟ್ ನಾನು, ಸಾಕು ಅಂತ ನಾನೇ ನೋಟರಿ ಮುಂದೆ ಸಹಿ ಮಾಡಿ ಕೊಟ್ಟೆ.

ಅಲ್ಲಿಗೇ ಸರಿಪಡಿಸುವ ದಾರಿಯೂ ಇತ್ತು. ಚುನಾವಣಾ ಆಯೋಗ ಮೊದಲು ನೋಟಿಸ್ ಕೊಡುತ್ತದೆ, ಕೈ ಸೇರಿದ 20 ದಿನದೊಳಗೆ ಕಾರಣ ಬರೆದು, ಬಿಟ್ಟುಹೋದ ಕಾಗದ ಜೋಡಿಸಿ ಕೊಡಬಹುದು. ನೋಟಿಸ್ ನಾಮಪತ್ರದಲ್ಲಿದ್ದ ವಿಳಾಸಕ್ಕೆ, ಅಂದರೆ ಊರಿಗೆ, ಕಾಕಾನ ಕೈಗೇ ಬಂತು. ಲೆಕ್ಕ ಕೊಟ್ಟಾಗಿದೆ, ಇದು ಅದರದೇ ಏನೋ ಕಾಗದ ಇರಬೇಕು ಅಂತ ಅವರು ಅದನ್ನು ಹೊಲದ ಉತಾರಗಳ ಜೊತೆ ಟ್ರಂಕಿನಲ್ಲಿಟ್ಟರು. ನಾನು ಅದನ್ನು ನೋಡುವ ಹೊತ್ತಿಗೆ ಮೂರು ವರ್ಷದ ಅನರ್ಹತೆ ಆದೇಶವೇ ಬಂದಿತ್ತು. ಸೆಕ್ಷನ್ 11ರಡಿ ಅರ್ಜಿ ಹಾಕಿದರೆ ಆಯೋಗ ಕಾರಣ ದಾಖಲಿಸಿ ಆ ಅವಧಿ ಕಡಿಮೆ ಮಾಡಬಹುದು, ತೆಗೆಯಲೂಬಹುದು. ಅದನ್ನೂ ನಾವು ತಿಳಿದದ್ದು ತಡವಾಗಿ.

ವಿಧಾನಸಭೆಗೆ ತಾನೇ ಅನರ್ಹ ಅಂದುಕೊಂಡಿದ್ದೆವು. ಡಿಸೆಂಬರ್ 2020ರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡಿನಲ್ಲಿ ಕಾಕಾ ಖಂಡಿತ ಗೆಲ್ಲುತ್ತಿದ್ದರು, ಎದುರಾಳಿಗಳೂ ಅದನ್ನು ಒಪ್ಪುತ್ತಿದ್ದರು. ನಾಮಪತ್ರ ಪರಿಶೀಲನೆ ದಿನ ಆಯೋಗದ ಅನರ್ಹರ ಪಟ್ಟಿಯ ಪ್ರಿಂಟ್ ಒಬ್ಬರು ಟೇಬಲ್ ಮೇಲೆ ಇಟ್ಟರು. ಸಂವಿಧಾನದ 243ಎಫ್ ವಿಧಿ ಸ್ಪಷ್ಟ ಇದೆ: ರಾಜ್ಯ ವಿಧಾನಮಂಡಲದ ಚುನಾವಣೆಗೆ ಯಾವುದೇ ಕಾನೂನಿನಡಿ ಅನರ್ಹನಾದವನು ಪಂಚಾಯ್ತಿಗೂ ಅನರ್ಹ. ನಾಮಪತ್ರ ತಿರಸ್ಕೃತ ಆಯ್ತು.

ಇದರ ಹಿಂದಿನ ವರ್ಷವೇ ನಮ್ಮ ರಾಜ್ಯದ 17 ಶಾಸಕರು ಅನರ್ಹರಾಗಿದ್ದರು. ಅವರಿಗೆ ಅನ್ವಯಿಸಿದ್ದು ಸಂವಿಧಾನದ ಹತ್ತನೇ ಅನುಸೂಚಿ. ಪಕ್ಷಾಂತರ ತಡೆಯಲು 1985ರಲ್ಲಿ ತಿದ್ದುಪಡಿ ಮಾಡಿ ಸೇರಿಸಿದ್ದು, 2003ರಲ್ಲಿ ಮತ್ತೆ ಬಿಗಿ ಮಾಡಿದ್ದು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಅಂದಿತು. ಡಿಸೆಂಬರ್ 2019ರಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ ಆಯ್ತು, ಪಕ್ಕದ ಹಾವೇರಿ ಜಿಲ್ಲೆಯ ಹಿರೇಕೆರೂರು, ರಾಣೆಬೆನ್ನೂರಿನಲ್ಲೂ. ಸಂವಿಧಾನದಲ್ಲಿ ಒಂದು ಮಾತು ಬರೆದಾಕ್ಷಣ ಅದು ಬಲಶಾಲಿಯನ್ನು ಹಿಡಿಯುತ್ತದೆ ಅಂತ ನಂಬಿದ್ದ ಕಾಕಾಗೆ, ಒಂದು ಅಫಿಡವಿಟ್ಟಿಗೆ ಪಂಚಾಯ್ತಿ ಬಾಗಿಲೂ ಮುಚ್ಚಿತು. ನನಗೆ ಇವತ್ತಿಗೂ ಇದರ ಬಗ್ಗೆ ಸಿಟ್ಟಿದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ ತಿದ್ದುಪಡಿ ಕೇಳುವುದಕ್ಕೆ ಕಾರಣ ಇದೆ. ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ಪ್ರಚಾರದ ಖರ್ಚಿಗೆ ಕಾನೂನು ಮಿತಿ ಹಾಕಿದರೆ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಅಂದಿತು. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನಲ್ಲಿ, 5-4 ಬಹುಮತದಲ್ಲಿ, ಕಂಪನಿಗಳು ಸ್ವತಂತ್ರವಾಗಿ ಮಾಡುವ ಚುನಾವಣಾ ಖರ್ಚಿಗೂ ಆ ರಕ್ಷಣೆ ಕೊಟ್ಟಿತು. ಸಂವಿಧಾನದ ಅರ್ಥವೇ ಹಾಗೆ ಅಂತ ಕೋರ್ಟ್ ಹೇಳಿದ ಮೇಲೆ ಸಂವಿಧಾನ ತಿದ್ದದೆ ಅವರಿಗೆ ಗಟ್ಟಿ ದಾರಿಯಿಲ್ಲ. ಆ ದಾರಿಯೂ ಬಲು ಕಠಿಣ: ಎರಡೂ ಸದನದಲ್ಲಿ ಮೂರನೇ ಎರಡು, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ. 2014ರಲ್ಲಿ ಸೆನೆಟ್‌ನಲ್ಲೇ ಅಂಥ ತಿದ್ದುಪಡಿ ನಿಂತುಹೋಯ್ತು.

ನಮ್ಮಲ್ಲಿ ಆದದ್ದು ಇದರ ಉಲ್ಟಾ. 1974ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಪಕ್ಷ ಅಭ್ಯರ್ಥಿಗಾಗಿ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಅಂದಿತ್ತು. ಆ ವರ್ಷವೇ ಸುಗ್ರೀವಾಜ್ಞೆ ತಂದು, ಅದೇ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಅಭ್ಯರ್ಥಿಯ ಖರ್ಚಿನ ಲೆಕ್ಕ ಹೇಳುವ ಸೆಕ್ಷನ್ 77ಕ್ಕೆ ಒಂದು ವಿವರಣೆ ಸೇರಿಸಿ ಆ ತೀರ್ಪನ್ನು ತೆಗೆದುಹಾಕಿದರು. 2003ರಲ್ಲಿ ಆ ವಿನಾಯಿತಿಯನ್ನು ತಾರಾ ಪ್ರಚಾರಕರ ಪ್ರಯಾಣದ ಖರ್ಚಿಗೆ ಇಳಿಸಿದರೂ ಪಕ್ಷದ ಒಟ್ಟು ಖರ್ಚಿಗೆ ಮಿತಿ ಹಾಕಲಿಲ್ಲ. ಕೊಟ್ಟವರ ಹೆಸರು ಹೊರಗೆ ಬಾರದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಚುನಾವಣಾ ಬಾಂಡಿಗೆ ದಾರಿ ಮಾಡಿದ್ದು 2017ರ ಹಣಕಾಸು ಕಾಯ್ದೆ. ಕಂಪನಿ ದೇಣಿಗೆಗೆ ಇದ್ದ, ಮೂರು ವರ್ಷದ ಸರಾಸರಿ ಲಾಭದ ಶೇ 7.5ರ ಮಿತಿಯನ್ನು ತೆಗೆದದ್ದೂ ಅದೇ ಕಾಯ್ದೆ. 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ರದ್ದು ಮಾಡಿತು. ಯಾವುದರ ಬಲದಿಂದ? ಇರುವ ಸಂವಿಧಾನದ 19(1)(ಎ), ಅಂದರೆ ವಾಕ್ ಸ್ವಾತಂತ್ರ್ಯ, ಮತ್ತು 14ನೇ ವಿಧಿ, ಅಂದರೆ ಸಮಾನತೆ, ಇವುಗಳ ಬಲದಿಂದ. ಒಂದಕ್ಷರ ತಿದ್ದಬೇಕಾಗಲಿಲ್ಲ.

ಮಾಳಿಗೆ ಸೋರಿದರೆ ಯಾರೂ ಪಾಯ ಅಗೆಯುವುದಿಲ್ಲ. ಸಾಮಾನ್ಯ ಕಾಯ್ದೆಯಿಂದ ಬಿದ್ದ ತೂತನ್ನು ಸಾಮಾನ್ಯ ಕಾಯ್ದೆಯಿಂದಲೇ ಮುಚ್ಚಬಹುದು, ಸಾದಾ ಬಹುಮತ ಸಾಕು. ಸಂವಿಧಾನ ತಿದ್ದಲು ಬೇಕಾದ 368ನೇ ವಿಧಿಯ ವಿಶೇಷ ಬಹುಮತಕ್ಕೆ ಕೈ ಹಾಕಿದರೆ, ಯಾವ ಪಕ್ಷಗಳ ದುಡ್ಡಿಗೆ ಲಗಾಮು ಹಾಕಬೇಕೋ ಆ ಪಕ್ಷಗಳೆಲ್ಲ ಒಟ್ಟಿಗೆ ಒಪ್ಪಬೇಕು. ಇನ್ನು ಮತದ ಹಿಂದಿನ ರಾತ್ರಿ ಹಂಚುವ ನೋಟಿನ ವಿಷಯ ಕೇಳಿದ್ದೀರಿ. ಅದು ಈಗಲೇ ಅಪರಾಧ, ಅಲ್ಲಿ ಬೇಕಾದದ್ದು ಸಾಕ್ಷಿ ಹೇಳುವ ಜನ.

ಸಹಿ ಸಂಗ್ರಹ ಮಾಡಿ, ಬೇಡ ಅನ್ನಲ್ಲ. ಆದರೆ ಎರಡೇ ಬೇಡಿಕೆ ಇಡಿ. ಸೆಕ್ಷನ್ 77ರಲ್ಲಿ ಪಕ್ಷದ ಖರ್ಚಿಗೂ ಕ್ಷೇತ್ರವಾರು ಮಿತಿ ಬರಲಿ, ಮೀರಿದರೆ ಕಾಕಾಗೆ ಆದಂಥದ್ದೇ ಅನರ್ಹತೆ ಅವರ ಅಭ್ಯರ್ಥಿಗೂ ಆಗಲಿ. ಇನ್ನೊಂದು ಸೆಕ್ಷನ್ 29ಸಿ: ಈಗ ಪಕ್ಷಗಳು ಹೆಸರು ಹೇಳಬೇಕಾದದ್ದು 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರದ್ದು ಮಾತ್ರ. ಆ ಮೊತ್ತ ಇಳಿಸಲಿ. ಊರಲ್ಲಿ ಇದನ್ನು ವಿವರಿಸುವುದು ಸುಲಭ, ಫೋಟೋ ಇಲ್ಲದ ಬ್ಯಾನರ್ ತೋರಿಸಿದರೆ ಸಾಕು, ಜನಕ್ಕೆ ತಟ್ಟನೆ ತಿಳಿಯುತ್ತದೆ. ನಾನು ನೋಡಿದ್ದೇನೆ.

ಕಾಕಾನ ಅನರ್ಹತೆ ಅವಧಿ ಈಗ ಮುಗಿದಿದೆ. ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾರೆ. ನೀವು ನಿಂತರೆ ಅಫಿಡವಿಟ್ಟಿಗೆ ನೀವೇ ಸಹಿ ಮಾಡಿ, ಲೆಕ್ಕ ಕೊಟ್ಟದ್ದಕ್ಕೆ ಸ್ವೀಕೃತಿ ತಗೊಳ್ಳಿ, ಆಯೋಗದಿಂದ ಬಂದ ಯಾವ ಲಕೋಟೆಯನ್ನೂ ಅದೇ ದಿನ ಏಜೆಂಟಿಗೆ ತೋರಿಸದೆ ಎತ್ತಿಡಬೇಡಿ. ಸಹಿ ಅರ್ಜಿಯ ಕರಡು ಬರೆದರೆ ಇಲ್ಲಿ ಹಾಕಿ, ಸೆಕ್ಷನ್ 77ರ ಸಾಲು ನಾನು ಕೂತು ಬರೆದುಕೊಡುತ್ತೇನೆ.