ಪ್ರಾರ್ಥಿಸುವವಳು ನ್ಯಾಯ ಕೇಳಬಾರದೇ?

ಪ್ರಿಯ ಸಹೋದರಿ,

ಕರ್ತನ ನಾಮದಲ್ಲಿ ವಂದನೆಗಳು. ನಿಮ್ಮ ಹೆಸರು, ಊರು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಮಾಡಿದ್ದೇವೆ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರಾಂಶ ಇಷ್ಟು: ಪತಿ ತೀರಿಕೊಂಡ ಮೇಲೆ ನಿಮಗೂ ಮಕ್ಕಳಿಗೂ ಬರಬೇಕಾದ ಮನೆಯ ಪಾಲನ್ನು ಅವರ ಅಣ್ಣತಮ್ಮಂದಿರು ಕೊಡುತ್ತಿಲ್ಲ. ಅವರೂ ನೀವೂ ಒಂದೇ ಕ್ರೈಸ್ತ ಸಭೆಯವರು. ಬಹುಕಾಲದಿಂದ ಪ್ರಾರ್ಥಿಸುತ್ತಿದ್ದೀರಿ. ಈಗ ವಕೀಲರನ್ನು ಕಾಣಲು ಹೊರಟಾಗ ಸಭೆಯ ಹಿರಿಯರೊಬ್ಬರು ತಡೆದಿದ್ದಾರೆ. ವಿಶ್ವಾಸಿ ಹೆಂಗಸು ಮೊಣಕಾಲೂರಬೇಕೇ ಹೊರತು ನ್ಯಾಯಾಲಯದ ಮೆಟ್ಟಿಲು ಹತ್ತಬಾರದು ಎಂದಿದ್ದಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ದೇವರ ಮುಂದಿಡುವುದೂ ಅಪನಂಬಿಕೆ ಎಂದಿದ್ದಾರೆ. "ಧೈರ್ಯ ಮಾಡಿದರೆ ನಂಬಿಕೆ ಬಿಟ್ಟಂತಾಗುತ್ತದೆಯೇ?" ಎಂದು ನೀವು ಕೇಳಿದ್ದೀರಿ.

ಇಲ್ಲ. ಇದನ್ನು ಯಾವ ಅಳುಕೂ ಇಲ್ಲದೆ ಬರೆಯುತ್ತಿದ್ದೇನೆ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯವನ್ನು ತೆರೆಯಿರಿ. ಬೇಸರಗೊಳ್ಳದೆ ಪ್ರಾರ್ಥಿಸುತ್ತಲೇ ಇರಬೇಕೆಂದು ಶಿಷ್ಯರಿಗೆ ಕಲಿಸಲು ಯೇಸು ಯಾರನ್ನು ಮುಂದೆ ನಿಲ್ಲಿಸಿದನು? ದೇವಾಲಯದಲ್ಲಿದ್ದ ಯಾಜಕನನ್ನಲ್ಲ, ಬೆಟ್ಟದ ಮೇಲೆ ಒಂಟಿಯಾಗಿದ್ದ ಪ್ರವಾದಿಯನ್ನೂ ಅಲ್ಲ. ನ್ಯಾಯಾಧಿಪತಿಯ ಬಳಿಗೆ ಎಡೆಬಿಡದೆ ಹೋಗುತ್ತಿದ್ದ ಒಬ್ಬ ವಿಧವೆಯನ್ನು ನಿಲ್ಲಿಸಿದನು. ಆಕೆಗೆ ಒಬ್ಬ ಎದುರಾಳಿ ಇದ್ದಾನೆ, ಒಂದು ವ್ಯಾಜ್ಯ ಇದೆ, ತನ್ನದು ನ್ಯಾಯ ಎಂಬ ಖಚಿತ ಅರಿವೂ ಇದೆ. ಆ ನ್ಯಾಯಾಧಿಪತಿಯಾದರೋ ದೇವರಿಗೆ ಹೆದರದವನು, ಮನುಷ್ಯರನ್ನು ಲೆಕ್ಕಿಸದವನು. ಅಂಥವನೇ ಕಡೆಗೆ ಆಕೆಯ ಕಾಟ ತಾಳಲಾರದೆ ನ್ಯಾಯ ತೀರಿಸುತ್ತಾನೆ. ದೇವರು ಆ ನ್ಯಾಯಾಧಿಪತಿಯ ಹಾಗೆ ಇದ್ದಾನೆಂದು ಈ ಸಾಮ್ಯಕಥೆ ಹೇಳುವುದಿಲ್ಲ. ಅಂಥ ಕಲ್ಲೆದೆಯವನೇ ಮಣಿದ ಮೇಲೆ, ಹಗಲಿರುಳು ಮೊರೆಯಿಡುವ ತನ್ನವರಿಗೆ ದೇವರು ನ್ಯಾಯ ತೀರಿಸದೆ ಇರುವನೇ ಎಂದು ಕೇಳುತ್ತದೆ. ನ್ಯಾಯಾಲಯಕ್ಕೆ ಹೋದದ್ದು ಆಕೆಯ ತಪ್ಪಾಗಿದ್ದರೆ ಪ್ರಾರ್ಥನೆಯ ಪಾಠಕ್ಕೆ ಯೇಸು ಆಕೆಯನ್ನು ಆರಿಸಿಕೊಳ್ಳುತ್ತಿರಲಿಲ್ಲ.

ನಿಮ್ಮದು ಆಸ್ತಿಯ ವಿಷಯವಾದ್ದರಿಂದ ಅರಣ್ಯಕಾಂಡದ 27ನೆಯ ಅಧ್ಯಾಯವನ್ನೂ ಓದಿ. ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ. ಅವನ ಐವರು ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ಮೋಶೆ, ಯಾಜಕನಾದ ಎಲ್ಲಾಜಾರ, ಮುಖಂಡರು ಮತ್ತು ಇಡೀ ಸಮೂಹದ ಎದುರು ನಿಂತು, ತಂದೆಯ ಸ್ವಾಸ್ತ್ಯದಲ್ಲಿ ತಮಗೆ ಪಾಲು ಬೇಕೆಂದರು. ಮೋಶೆ ಆ ಪ್ರಶ್ನೆಯನ್ನು ದೇವರ ಮುಂದಿಟ್ಟನು. ಅವರ ಮಾತು ನ್ಯಾಯವಾದದ್ದೆಂದು ಯೆಹೋವನು ಹೇಳಿದನು. ಅದು ಇಸ್ರಾಯೇಲಿಗೆಲ್ಲ ನಿಯಮವಾಯಿತು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದೇಶವನ್ನು ಹಂಚುವ ಕಾಲಕ್ಕೆ ಇದೇ ಸಹೋದರಿಯರು ಯೆಹೋಶುವನ ಮುಂದೆ ಮತ್ತೆ ನಿಂತು, ದೇವರು ಅಪ್ಪಣೆ ಕೊಟ್ಟದ್ದನ್ನು ಜ್ಞಾಪಿಸಬೇಕಾಯಿತು (ಯೆಹೋಶುವ 17). ದೇವರೇ ತೀರ್ಪು ಕೊಟ್ಟ ಮೇಲೂ ಪಾಲು ಕೈಗೆ ಬರಬೇಕಾದರೆ ಇನ್ನೊಮ್ಮೆ ಬಾಯಿ ತೆರೆಯಬೇಕಾಗಿತ್ತು. ಅದಕ್ಕಾಗಿ ಅವರನ್ನು ಯಾರೂ ಅವಿಶ್ವಾಸಿಗಳೆನ್ನಲಿಲ್ಲ.

ಶೂನೇಮ್ ಎಂಬ ಊರಿನ ಒಬ್ಬ ಸ್ತ್ರೀಯೂ ಹಾಗೆಯೇ. ಸತ್ತ ಮಗನನ್ನು ಪ್ರವಾದಿಯ ಮೂಲಕ ಬದುಕಿಸಿಕೊಂಡಷ್ಟು ನಂಬಿಕೆ ಆಕೆಯದು. ಏಳು ವರ್ಷಗಳ ಬರ ಕಳೆದು ಹಿಂದಿರುಗಿದಾಗ, ಮನೆ ಹೊಲಗಳಿಗಾಗಿ ನೇರವಾಗಿ ಅರಸನಿಗೇ ಮೊರೆಯಿಟ್ಟಳು. ಅರಸನು ಅವನ್ನು ಅಷ್ಟು ವರ್ಷಗಳ ಹುಟ್ಟುವಳಿಯ ಸಮೇತ ಕೊಡಿಸಿದನು (2 ಅರಸುಗಳು 8).

ನಿಮ್ಮ ಹಿರಿಯರು 1 ಕೊರಿಂಥದ 6ನೆಯ ಅಧ್ಯಾಯವನ್ನು ತೋರಿಸಿದ್ದಾರೆಂದು ಬರೆದಿದ್ದೀರಿ. ಅದನ್ನು ಹಗುರವಾಗಿ ಬದಿಗೆ ಸರಿಸಲಾರೆ. ಸಹೋದರರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದು ಆ ಪತ್ರ ಬರೆದ ಪೌಲನಿಗೆ ನಿಜಕ್ಕೂ ನೋವಿನ ಸಂಗತಿ. ಅನ್ಯಾಯವನ್ನು ಸಹಿಸಬಾರದೇಕೆ ಎಂದೂ ಅವನು ಕೇಳುತ್ತಾನೆ. ಆದರೆ ಅದೇ ಭಾಗದಲ್ಲಿ, ಇಂಥ ವ್ಯವಹಾರವನ್ನು ತೀರಿಸಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿಲ್ಲವೇ ಎಂದು ಸಭೆಯನ್ನು ನಾಚಿಸುತ್ತಾನೆ. ಸಹೋದರರನ್ನೇ ವಂಚಿಸುವವರನ್ನು ಗದರಿಸುತ್ತಾನೆ. ಆ ವಚನಗಳು ಮೊದಲು ನಿಮ್ಮ ಮೈದುನರಿಗೆ ಓದಿ ಹೇಳಬೇಕಾದವು. ವಿಧವೆಯ ದೂರನ್ನು ಕೂತು ಕೇಳದ ಸಭೆಗೆ, ಆಕೆ ಹೊರಗೆ ಹೋದಳೆಂದು ದೂರುವ ಹಕ್ಕು ಎಲ್ಲಿಂದ ಬಂತು? ಸ್ವತಃ ಪೌಲನೂ ತನಗೆ ನ್ಯಾಯ ಸಿಗದೆಂದು ಕಂಡಾಗ ರೋಮಿನ ಚಕ್ರವರ್ತಿಯಾದ ಕೈಸರನಿಗೆ ಅಪೀಲು ಮಾಡಿದನು. ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವವರ ಬಗ್ಗೆ ಯೇಸು ಆಡಿದ ಕಠಿಣವಾದ ಮಾತು ಮಾರ್ಕನ 12ನೆಯ ಅಧ್ಯಾಯದಲ್ಲಿದೆ. ನಮ್ಮ ಸಭೆಗಳಲ್ಲಿ ಅದರ ಮೇಲೆ ಪ್ರಸಂಗಗಳು ಇನ್ನೂ ಹೆಚ್ಚು ಆಗಬೇಕು.

ಇನ್ನು ಕೇಳಿದ್ದನ್ನೇ ಕೇಳುವ ವಿಷಯ. ಗೆತ್ಸೇಮನೆಯಲ್ಲಿ ಯೇಸು ಮೂರನೆಯ ಸಾರಿಯೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿದ್ದಾನೆ. ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ಯೇಸು ಬೇಡವೆಂದದ್ದು ಮಾತು ಹೆಚ್ಚಾದರೆ ದೇವರು ಕೇಳುತ್ತಾನೆಂಬ ಭ್ರಮೆಯಿಂದ ಮಾಡುವ ಬರೀ ಪಠಣವನ್ನು; ಎದೆಯ ಭಾರವನ್ನು ಪುನಃ ತರುವುದನ್ನಲ್ಲ. ಕಾನಾನ್ಯ ಸ್ತ್ರೀ ಮಗಳಿಗಾಗಿ ಕೂಗಿಕೊಂಡಾಗ ಯೇಸು ಮೊದಲು ಏನೂ ಹೇಳಲಿಲ್ಲ. ಶಿಷ್ಯರು ಆಕೆಯನ್ನು ಕಳುಹಿಸಿಬಿಡು ಎಂದರು. ಆಕೆ ಕದಲಲಿಲ್ಲ. ಆ ಹಟವನ್ನೇ ಯೇಸು ದೊಡ್ಡ ನಂಬಿಕೆಯೆಂದು ಕರೆದನು.

ಹಿರಿಯರಿಗೆ ಹೇಗೆ ಉತ್ತರಿಸಲಿ ಎಂದಿದ್ದೀರಿ. ಹನ್ನಳ ಹಾಗೆ ಉತ್ತರಿಸಿ. ಶೀಲೋವಿನಲ್ಲಿ ಆಕೆಯ ತುಟಿಗಳಷ್ಟೇ ಅಲುಗುತ್ತಿದ್ದುದನ್ನು ಕಂಡು ಯಾಜಕನಾದ ಏಲಿ ಕುಡಿದಿದ್ದಾಳೆಂದು ಗದರಿಸಿದನು. ಆಕೆ ಗೌರವ ಬಿಡಲಿಲ್ಲ, ಮೌನವಾಗಿಯೂ ಉಳಿಯಲಿಲ್ಲ. ತಾನು ದ್ರಾಕ್ಷಾರಸ ಕುಡಿದಿಲ್ಲ, ಮನೋವ್ಯಥೆಯಿಂದ ಪ್ರಾರ್ಥಿಸುತ್ತಿದ್ದೇನೆ ಎಂದು ಅವನ ತಪ್ಪನ್ನು ತಿದ್ದಿದಳು. ಅದೇ ಏಲಿ ಆಕೆಯನ್ನು ಸಮಾಧಾನದಿಂದ ಹೋಗೆಂದು ಹರಸಿ ಕಳುಹಿಸಿದನು.

ಸಂತ ಮೋನಿಕಾ ತನ್ನ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟ ಕಥೆಯನ್ನು ಸಭೆಗಳಲ್ಲಿ ತಾಳ್ಮೆಯ ಮಾದರಿಯಾಗಿ ಹೇಳುತ್ತಾರೆ. ಮಗನು ಮೋಸಮಾಡಿ ರಾತ್ರಿಯಲ್ಲಿ ಹಡಗು ಹತ್ತಿ ಹೋದ ಮೇಲೆ ಆಕೆ ಆಫ್ರಿಕಾದಿಂದ ಸಮುದ್ರ ದಾಟಿ ಮಿಲಾನಿನವರೆಗೆ ಅವನ ಹಿಂದೆ ಹೋದಳೆಂಬುದನ್ನೂ ಜೊತೆಗೆ ಹೇಳಬೇಕು. ಕ್ರಿ.ಶ. 387ರಲ್ಲಿ ಅವನಿಗೆ ದೀಕ್ಷಾಸ್ನಾನವಾದದ್ದನ್ನು ಕಂಡ ವರ್ಷವೇ ಆಕೆ ತೀರಿಕೊಂಡಳು. ಎಲ್ಲರಿಗೂ ಹೀಗೆ ಕೇಳಿದ್ದು ಸಿಗುತ್ತದೆಂದು ನಾನು ಹೇಳಲಾರೆ. ಪೌಲನು ಮೂರು ಸಾರಿ ಬೇಡಿಕೊಂಡರೂ ಶರೀರದಲ್ಲಿ ನಾಟಿದ ಶೂಲವೆಂದು ಅವನು ಕರೆದ ಬಾಧೆ ಹೋಗಲಿಲ್ಲ. ಕೃಪೆ ಸಾಕೆಂಬ ಉತ್ತರ ಬಂತು. ನಿಮ್ಮ ವ್ಯಾಜ್ಯ ಸೋಲಲೂಬಹುದು. ಸೋತರೆ ಅದನ್ನು ನಿಮ್ಮ ನಂಬಿಕೆಯ ಕೊರತೆಯೆಂದು ಲೆಕ್ಕಹಾಕಲು ಯಾರಿಗೂ ಅವಕಾಶ ಕೊಡಬೇಡಿ.

ಈ ಪುಟವನ್ನು ಓದುತ್ತಿರುವ ಇನ್ನೊಬ್ಬ ಸಹೋದರಿಗೆ ಒಂದು ಮಾತು: ಮನೆಯಲ್ಲಿ ಹೊಡೆತ ತಿನ್ನುತ್ತಿದ್ದು, ಪ್ರಾರ್ಥಿಸಿ ಸಹಿಸಿಕೊ ಎಂಬ ಬುದ್ಧಿವಾದವಷ್ಟೇ ನಿಮಗೆ ಸಿಕ್ಕಿದ್ದರೆ, ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ. ಪ್ರಾರ್ಥನೆಯನ್ನು ಅಲ್ಲಿಂದಲೂ ಮಾಡಬಹುದು.

ಪತ್ರ ಬರೆದ ಸಹೋದರಿ, ಈಗ ನೀವು ಮಾಡಬೇಕಾದದ್ದು. ಮತ್ತಾಯ 18ರ ಕ್ರಮದಂತೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಮೈದುನರ ಬಳಿ ಹೋಗಿ. ಒಪ್ಪದಿದ್ದರೆ ಸಭಾಪಾಲಕರಿಗೂ ಸಭೆಯ ಸಮಿತಿಗೂ ಬರಹದಲ್ಲಿ ದೂರು ಕೊಟ್ಟು, ಉತ್ತರಕ್ಕೆ ಒಂದು ದಿನಾಂಕ ಕೇಳಿ. ಇದರ ನಡುವೆಯೇ ವಕೀಲರನ್ನು ಕಾಣಿರಿ. ದಾವೆ ಹೂಡಲು ಕಾಲಮಿತಿ ಇರಬಹುದು, ತಡಮಾಡುವುದು ಬೇಡ. ಒಂಟಿಯಾಗಿಯೂ ಹೋಗಬೇಡಿ. ಎಸ್ತೇರಳು ಕರೆಯಿಲ್ಲದೆ ಅರಸನ ಮುಂದೆ ನಿಲ್ಲುವ ಮೊದಲು, ಮೂರು ದಿನ ತನ್ನೊಂದಿಗೆ ಉಪವಾಸವಿರಲು ಜನರನ್ನು ಕೇಳಿಕೊಂಡಳು. ನಿಮ್ಮ ಸ್ತ್ರೀಯರ ಕೂಟದಲ್ಲಿ ನಂಬಿಕಸ್ಥರಾದ ಇಬ್ಬರು ಮೂವರನ್ನು ಹಾಗೆಯೇ ಕೇಳಿ. ಸಮಿತಿ ಸೇರುವ ದಿನ ಗೊತ್ತಾದ ಕೂಡಲೇ ನಮಗೂ ತಿಳಿಸಿ. ಪತ್ರಿಕೆಯ ಬಳಗದವರೆಲ್ಲ ಆ ದಿನ ನಿಮ್ಮ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ.

– ಸಂಪಾದಕರು