ಪ್ರ: 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೇಲೂ ಬ್ರಿಟನ್ನಿನ ಹಾಯಿದೋಣಿ ಸ್ಪರ್ಧಿ ಬೆನ್ ಐನ್ಸ್‌ಲಿ ಲೇಸರ್ ಎಂಬ ವರ್ಗದ ದೋಣಿ ಬಿಟ್ಟು ಫಿನ್ ವರ್ಗದ ದೋಣಿಗೆ ಹೋಗಿದ್ದೇಕೆ?

ಮುಖ್ಯ ಕಾರಣ ಮೈತೂಕ ಸರ್. ಒಬ್ಬರೇ ನಡೆಸುವ ಡಿಂಗಿಯಲ್ಲಿ (ಚಿಕ್ಕ ಹಾಯಿದೋಣಿ) ನಾವಿಕನ ದೇಹವೇ ದೋಣಿಯ ಸಮತೋಲನ. ಪಾದವನ್ನು ಪಟ್ಟಿಗೆ ಸಿಕ್ಕಿಸಿ, ತೊಡೆ ಉರಿಯುತ್ತಿದ್ದರೂ ಮೈಯನ್ನು ನೀರಿನ ಮೇಲೆ ಹೊರಗೆ ಚಾಚಿಕೊಂಡೇ ಇರಬೇಕು. ಲೇಸರ್‌ಗೆ ಸುಮಾರು 80 ಕೆ.ಜಿ. ಆಳು ಸರಿ. ಫಿನ್‌ನ ಹಾಯಿ ದೊಡ್ಡದು, ದೋಣಿಯೂ ಭಾರ. ಅಲ್ಲಿ 95 ಕೆ.ಜಿ. ಆಸುಪಾಸಿನವರದ್ದೇ ಕಾರುಬಾರು. ಎತ್ತರದ ಐನ್ಸ್‌ಲಿಗೆ ಲೇಸರ್‌ಗಾಗಿ ತೂಕ ಹಿಡಿದಿಡುವುದೇ ಕಷ್ಟವಾಗಿತ್ತು. ಹಾಗಾಗಿ ಚೆನ್ನಾಗಿ ತಿಂದು, ಜಿಮ್‌ನಲ್ಲಿ ಬೆವರಿಳಿಸಿ, ಮೈ ಬೆಳೆಸಿಕೊಂಡ.

ಫಲಿತಾಂಶ ನಿಮಗೆ ಗೊತ್ತೇ ಇದೆ: 2004, 2008, 2012, ಮೂರೂ ಸಲ ಫಿನ್‌ನಲ್ಲಿ ಚಿನ್ನ.

ಸಿಡ್ನಿ ಫೈನಲ್ ಬಗ್ಗೆಯೂ ಒಂದು ಮಾತು. 1996ರ ಒಲಿಂಪಿಕ್ಸ್‌ನಲ್ಲಿ ಐನ್ಸ್‌ಲಿಯನ್ನು ಬೆಳ್ಳಿಗೆ ಇಳಿಸಿದ್ದು ಬ್ರೆಜಿಲ್‌ನ ರಾಬರ್ಟ್ ಶೈಟ್. 2000ದ ಕೊನೆಯ ರೇಸ್‌ನಲ್ಲಿ ಐನ್ಸ್‌ಲಿ ಗೆಲ್ಲಲು ಹೋಗಲೇ ಇಲ್ಲ; ಶೈಟ್‌ನ ಗಾಳಿಗೆ ಅಡ್ಡ ನಿಂತು, ಅವನನ್ನು ಗುಂಪಿನ ಹಿಂದಕ್ಕೆ ತಳ್ಳಿದ. ಕೆಟ್ಟ ರೇಸ್‌ಗಳ ಅಂಕ ಕೈಬಿಡುವ ನಿಯಮವಿದ್ದಿದ್ದರಿಂದ ತಾನು ಹಿಂದುಳಿದರೂ ನಷ್ಟವಿರಲಿಲ್ಲ. ಕೆಲವರು ಇದನ್ನು ಕ್ರೀಡಾಸ್ಫೂರ್ತಿಯಲ್ಲ ಅಂತಾರೆ. ನನಗಂತೂ ಅಪ್ಪಟ ಚದುರಂಗದ ಆಟ ಅನ್ನಿಸಿತು.