ಆಟಿಸಂ ಬಗ್ಗೆ ತಜ್ಞರಿರುವಾಗ ಆಟಿಸಂ ಇರುವವರ ಮಾತನ್ನೇ ಏಕೆ ಕೇಳಬೇಕು?

ಆಟಿಸಂ ಎಂದರೆ ಜಗತ್ತನ್ನು ಗ್ರಹಿಸುವ, ಇತರರೊಡನೆ ಬೆರೆಯುವ ರೀತಿಯೇ ಬಾಲ್ಯದಿಂದ ಭಿನ್ನವಾಗಿರುವ ಸ್ಥಿತಿ. ತಜ್ಞರಿಗೆ ಹೊರಗಿನಿಂದ ಕಾಣುವುದು ನಡವಳಿಕೆ. ಅದರ ಒಳಗಿನ ಕಾರಣವನ್ನು ಅನುಭವಿಸಿದವರೇ ಹೇಳಬೇಕು. ಅಪ್ಪಿಕೊಳ್ಳಲು ಹೋದರೆ ಮೈ ಬಿಗಿಹಿಡಿದು ದೂರ ಸರಿಯುವ ಮಗುವಿಗೆ ಪ್ರೀತಿಯೇ ಬೇಡವೆಂದು ನೋಡುವವರು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ಸ್ವತಃ ಆಟಿಸಂ ಇರುವ, 1947ರಲ್ಲಿ ಹುಟ್ಟಿದ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ತಮ್ಮ ಬಾಲ್ಯದ ಬಗ್ಗೆ ಬರೆದದ್ದು ಬೇರೆಯೇ: ಅಪ್ಪುಗೆ ಅವರಿಗೆ ಬೇಕಿತ್ತು, ಆದರೆ ಆ ಸ್ಪರ್ಶ ತಡೆಯಲಾಗದ ಅಲೆಯಂತೆ ಮೈಮೇಲೆ ಬರುತ್ತಿತ್ತು. ಹರೆಯದಲ್ಲಿ, ಅರಿಜೋನಾದ ಬಂಧುವೊಬ್ಬರ ರ‍್ಯಾಂಚಿನಲ್ಲಿ ದನಗಳನ್ನು ಅದುಮಿ ನಿಲ್ಲಿಸುವ ಚೌಕಟ್ಟನ್ನು ಕಂಡು, ತಮ್ಮ ಮೈಯನ್ನು ಹಾಗೆಯೇ ಅದುಮುವ, ಆ ಒತ್ತಡವನ್ನು ತಾವೇ ಹೆಚ್ಚುಕಡಿಮೆ ಮಾಡಿಕೊಳ್ಳಬಹುದಾದ ಯಂತ್ರವೊಂದನ್ನು ಅವರು ಕಟ್ಟಿಕೊಂಡರು. ಹಾಗೆಂದು ಒಬ್ಬರ ಅನುಭವವೇ ಎಲ್ಲರದೂ ಅಲ್ಲ. ತಾವು ಚಿತ್ರಗಳಲ್ಲಿ ಯೋಚಿಸುವುದರಿಂದ ಆಟಿಸಂ ಇರುವ ಎಲ್ಲರೂ ಹಾಗೆಯೇ ಎಂದು ಮೊದಲು ನಂಬಿದ್ದನ್ನು, ಇತರರ ಮಾತು ಕೇಳಿದ ಮೇಲೆ, ಗ್ರ್ಯಾಂಡಿನ್ ಅವರೇ ತಿದ್ದಿಕೊಂಡರು.